ಐಸ್ ಹೋದ ದಾರಿ

ಪಿಕಪ್ ಸೂಕಿನ ಅಂಗಡಿಬೀದಿಯ ಕಡೆಗೆ ತಿರುಗದೆ ಪಟ್ಟಣ ದಾಟಿ ಮರಳುಗಾಡಿಗೆ ಇಳಿದಾಗ ನಬೀಸಾ ಮುಖ ಊದಿಸಿಕೊಂಡಳು. ವೀಸಾ ಮುಗಿದು ಮಂಗಳವಾರ ಅವಳು ಊರಿಗೆ ಹೊರಡಬೇಕು. ಅತ್ತೆಗೆ ಕಂಬಳಿ, ನಾದಿನಿಗೆ ಬಟ್ಟೆ ಯಾವುದನ್ನೂ ಇನ್ನೂ ಕೊಂಡಿಲ್ಲ. ಗಂಡನಿಗೆ ರಜೆಯಿರುವ ದಿನ ಉಳಿದದ್ದು ಇದೊಂದೇ ಶುಕ್ರವಾರ.

"ಸೂಕಿಗೆ ಅಂತ ಹೇಳಿದ್ದಲ್ವಾ ನೀವು?"

"ಆಮೇಲೆ ಹೋಗುವ. ಅಂಗಡಿ ಎಲ್ಲಿಗೂ ಓಡುವುದಿಲ್ಲ" ಎಂದ ಇದಿನಬ್ಬ. ಅರಬರ ನಾಡಿನ ಈ ಹಾಯಿಲ್ ಪಟ್ಟಣದಲ್ಲಿ ಭೂವಿಜ್ಞಾನಿಗಳ ತಂಡಕ್ಕೆ ಅವನು ಡ್ರೈವರ್. ಮದುವೆಯಾಗಿ ಒಂಬತ್ತು ವರ್ಷವಾದರೂ ಈ ಸಲ ಇಲ್ಲಿಗೆ ಬರುವ ತನಕ ನಬೀಸಾ ಅವನನ್ನು ಕಂಡದ್ದು ರಜೆಯಲ್ಲಿ ಮಾತ್ರ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಗಂಡಸು.

ಗಾಡಿ ಒಂದು ಅಗಲವಾದ ಕಣಿವೆಯಲ್ಲಿ ನಿಂತಿತು. ಹುಲ್ಲುಕಡ್ಡಿಯೂ ಇಲ್ಲ. ಕಂದು ಬಂಡೆಯೊಂದರ ಚಪ್ಪಟೆ ಬೆನ್ನು ಮರಳಿನಿಂದ ಮೇಲೆ ಕಾಣುತ್ತಿತ್ತು. ಇದಿನಬ್ಬ ಕ್ಯಾನಿನ ನೀರನ್ನು ಅದರ ಮೇಲೆ ಸುರಿದ. ಒದ್ದೆ ಕಲ್ಲಿನಲ್ಲಿ ಉದ್ದುದ್ದ ಗೀರುಗಳು ಎದ್ದು ಬಂದವು, ಎಲ್ಲವೂ ಒಂದೇ ದಿಕ್ಕಿಗೆ.

"ಇದು ಐಸ್ ಎಳೆದದ್ದು."

ನಬೀಸಾಳಿಗೆ ನಗು ತಡೆಯಲಾಗಲಿಲ್ಲ. "ಈ ಬಿಸಿಲಿಗೆ ಐಸಾ? ಮರುಳುಂಟಾ ನಿಮಗೆ?"

"ಈಗ ಅಲ್ಲ ಮಾರಾಯ್ತಿ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ. ಆಗ ಈ ನೆಲ ಭೂಮಿಯ ತೀರಾ ತೆಂಕಲ್ಲಿ ಇತ್ತಂತೆ. ಗುಡ್ಡದಷ್ಟು ದಪ್ಪ ಐಸ್. ನಮ್ಮ ಸಾಹೇಬರೇ ತೋರಿಸಿದ್ದು."

ಅವನು ಬಂಡೆಯ ಮೇಲೆ ಮೊಣಕಾಲೂರಿದ. ಐಸ್ ತನ್ನ ಅಡಿಯಲ್ಲಿ ಕಲ್ಲುಗಳನ್ನು ಕಚ್ಚಿಕೊಂಡು ನೆಲವನ್ನು ಉಜ್ಜುತ್ತ ಸಾಗಿದ್ದು, ಅವರು ನಿಂತ ಆ ಕಣಿವೆಯನ್ನೇ ಕೊರೆದದ್ದು, ಎಲ್ಲಿಂದಲೋ ಹೊತ್ತು ತಂದ ಕೆಂಪು ಕಲ್ಲುಗಳನ್ನು ಇಲ್ಲಿ ಬಿಟ್ಟು ಕರಗಿ ಹೋದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ತಾನೇ ಐಸ್ ಎಂಬಂತೆ ಅಂಗೈ ಊರಿ ನಿಧಾನಕ್ಕೆ ಮುಂದೆ ಸರಿದು ತೋರಿಸಿದ. ಪ್ಯಾಂಟು ಒದ್ದೆಯಾಗಿ ಮಣ್ಣು ಮೆತ್ತಿಕೊಂಡಿತು. ನಬೀಸಾಳ ನಗು ನಿಂತಿತು. ಇಷ್ಟು ಮಾತು ಇವನೊಳಗೆ ಎಲ್ಲಿತ್ತು?

"ಇದನ್ನೆಲ್ಲ ಊರಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಹೋದ ರಜೆಯಲ್ಲಿ, ಊಟಕ್ಕೆ ಕೂತಾಗ. ಎಲ್ಲರೂ ನಕ್ಕರು. ನೀನೂ ನಕ್ಕೆ." ಅವನ ದನಿಯಲ್ಲಿ ದೂರು ಇರಲಿಲ್ಲ. "ಇಲ್ಲಿಯೂ ಹಾಗೆಯೇ. ಅದಕ್ಕೇ ಸುಮ್ಮನಾದೆ. ನೀನು ಹೋಗುವ ಮೊದಲು ನಿನಗೊಬ್ಬಳಿಗೆ ತೋರಿಸಬೇಕು ಅಂತ ಇತ್ತು."

ನಬೀಸಾಳಿಗೆ ಆ ಊಟ ನೆನಪೇ ಇರಲಿಲ್ಲ. ಅವಳು ಚಪ್ಪಲಿ ಕಳಚಿ ಬಂಡೆ ಹತ್ತಿದಳು. ಅವನ ಪಕ್ಕದಲ್ಲಿ ಕುಳಿತು ಒಂದು ಗೀರಿನಲ್ಲಿ ಬೆರಳಿಟ್ಟು ತುದಿಯವರೆಗೆ ಎಳೆದಳು.

"ಯಾವ ಕಡೆಗೆ ಹೋದದ್ದು? ಇನ್ನೊಮ್ಮೆ ಹೇಳಿ."

ಅವನು ಮತ್ತೆ ಮೊದಲಿನಿಂದ ಶುರು ಮಾಡಿದ.

ಸೂಕಿಗೆ ಹೋಗದೆಯೇ ಮುಸ್ಸಂಜೆಗೆ ಮನೆ ಮುಟ್ಟಿದಾಗ ಪಕ್ಕದ ಕೋಣೆಯ ಹಂಝ ಬಾಗಿಲಲ್ಲೇ ಸಿಕ್ಕಿದ. ಅವರ ಊರಿನವನೇ, ಅದೇ ತಂಡದ ಮೆಕ್ಯಾನಿಕ್. ಇದಿನಬ್ಬನ ಪ್ಯಾಂಟು ನೋಡಿ ಅವನಿಗೆ ನಗು ಬಂತು.

"ಎಂತ ಇದಿನಬ್ಬಾಕ, ಅಕ್ಕನಿಗೂ ಐಸ್ ತೋರಿಸಿ ಆಯ್ತಾ?"

ಇದಿನಬ್ಬ ತಲೆ ತಗ್ಗಿಸಿ ಜೇಬಿನಲ್ಲಿ ಕೀಲಿಕೈ ಹುಡುಕತೊಡಗಿದ.

"ನೋಡಿ ಬಂದೆ ಹಂಝ" ಎಂದಳು ನಬೀಸಾ. "ತೆಂಕಿಂದ ಬಡಗಿಗೆ ಹೋದದ್ದು ಅದು. ಬಾ, ಕೂತುಕೋ, ಸರಿಯಾಗಿ ಹೇಳ್ತೇನೆ. ಊರಲ್ಲಿ ಇವರ ಮನೆಯವರಿಗೆಲ್ಲ ಹೇಳಲಿಕ್ಕುಂಟು. ಮೊದಲು ನಿನ್ನ ಹತ್ತಿರ ಹೇಳಿ ಅಭ್ಯಾಸ ಮಾಡ್ತೇನೆ."