ಲಕ್ಕಿ ಕಡ್ಡಿ

ಕಬಿನಿ ನಾಲೆಯ ಗದ್ದೆಯಲ್ಲಿ ನೆಲ್ಲು ಕೊಯ್ದು ಸೋತು ಬಂದ ಮಹದೇವಮ್ಮ, ಹಿತ್ತಿಲಿನ ಲಕ್ಕಿ ಗಿಡಕ್ಕೆ ಬೇಕೆಂದೇ ಬೆನ್ನು ಮಾಡಿ ಕೂತಳು. ಗಿಡದ ಬಳಿ ಪಕ್ಕದ ಮನೆಯ ರಂಜಿನಿ ನಿಂತಿದ್ದಳು. ಲಕ್ಕಿ ಸೊಪ್ಪು ಕುದಿಸಿದ ಎಣ್ಣೆಯನ್ನು ಅತ್ತೆಯ ಮಂಡಿಗೆ ರಾತ್ರಿಯೆಲ್ಲ ತಿಕ್ಕಿ ಅವಳಿಗೆ ನಿದ್ದೆಯೇ ಇಲ್ಲ. ಮಹದೇವಮ್ಮ ಕೈಯಾರೆ ಕೊಟ್ಟ ಕಡ್ಡಿ ನೆಟ್ಟಲ್ಲೇ ಒಣಗಿತ್ತು. ಕದ್ದ ಕಡ್ಡಿಯೇ ಚಿಗುರುವುದೆಂದು ಊರಿನ ನಂಬಿಕೆ.

"ಕದಿಯಾಕೆ ನಾಚ್ಕೆ ಆಯ್ತದೆ ಕಣ್ ದೊಡ್ಡವ್ವ."

"ನಾ ನೋಡಾಕಿಲ್ಲ. ಮುರ್ಕೊಂಡು ಓಡೇ, ಕಳ್ಳಿ!"

ಮುರಿದ ಸದ್ದು ಬರಲೇ ಇಲ್ಲ. ತಿರುಗಿದರೆ, ರಂಜಿನಿ ಬೇಲಿಗೊರಗಿ ಕೂತು ನಿದ್ದೆ ಹೋಗಿದ್ದಳು. ಮಹದೇವಮ್ಮ ಎಬ್ಬಿಸಲಿಲ್ಲ. ಸೊಂಟ ಹಿಡಿದು ಎದ್ದು ಪಕ್ಕದ ಮನೆಗೆ ಹೋದಳು. ತನ್ನ ಬಾಣಂತನದಲ್ಲಿ ಎಣ್ಣೆ ತಿಕ್ಕಿ ನೀರು ಹಾಕಿದ್ದವಳು ರಂಜಿನಿಯ ಅತ್ತೆ, ಈ ಮುದುಕಿಯೇ.

"ರಂಜಿನಿ ಎಲ್ಲವ್ವ?" ಮುದುಕಿ ಕೇಳಿದಳು.

ಮಹದೇವಮ್ಮ ಲಕ್ಕಿ ಎಣ್ಣೆಯ ಬಟ್ಟಲು ಎಳೆದುಕೊಂಡಳು. "ಮಲಗ್ಲಿ ಬುಡು. ನೀ ಕಾಲು ನೀಡು."