ಹನ್ನೆರಡನೆಯ ಕುರ್ಚಿ

ಪವಿತ್ರ ಗುರುವಾರದ ಸಂಜೆ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಗುರುಗಳು ಊರಿನ ಹನ್ನೆರಡು ಮಂದಿಯ ಪಾದ ತೊಳೆಯುವ ಹೊತ್ತು. ಬಲಿಪೀಠದ ಮುಂದೆ ಕುರ್ಚಿಗಳು ಸಿದ್ಧವಾಗಿದ್ದವು. ಹನ್ನೆರಡನೆಯವನಾಗಿ ಕೂರಬೇಕಿದ್ದವನು ಚರ್ಚಿನ ಪಕ್ಕದ ಬಾಗಿಲಲ್ಲೇ ಗುರುಗಳನ್ನು ತಡೆದ.

"ಈ ವರ್ಷನಾದ್ರೂ ನನ್ನ ಬಿಟ್ಬಿಡಿ ಸ್ವಾಮಿ. ಬೇರೆ ಯಾರನ್ನಾದ್ರೂ ಕೂರಿಸಿ."

"ಪ್ರತಿ ಸಲ ಇದನ್ನೇ ಹೇಳಿ ಓಡಿಹೋಗ್ತೀಯ. ನಿನ್ನ ಕುರ್ಚಿ ಖಾಲೀನೇ ಇರುತ್ತೆ."

"ಕುಡಿದು ಟ್ರ್ಯಾಕ್ಟರ್ ಓಡಿಸಿ ಮಗೂನ ಸಾಯಿಸಿದ ಕಾಲು ಇದು. ಜೈಲಿಗೆ ಹೋಗಿಬಂದ್ರೂ ಪಾಪ ಹೋಗ್ಲಿಲ್ಲ. ದೇವರಿಗಾದ್ರೂ ಎಷ್ಟೂಂತ ತಾಳ್ಮೆ ಇದ್ದೀತು?"

"ಬಾ, ಕೂತ್ಕೊ."

"ಮಗುವಿನ ತಾಯಿ ಮುಂದಿನ ಸಾಲಲ್ಲೇ ಇರ್ತಾರೆ. ಆಯಮ್ಮನ ಕಣ್ಣೆದುರಿಗೆ ಕೂರೋದಕ್ಕಿಂತ ಸಾಯೋದೇ ವಾಸಿ." ಅವನು ಅಲ್ಲೇ ಕುಸಿದು ಗುರುಗಳ ಕಾಲು ಹಿಡಿದ. "ಆ ಕುರ್ಚಿ ತೆಗೆಸಿಬಿಡಿ ಸ್ವಾಮಿ."

ಗುರುಗಳು ಬಾಗಿ ಅವನ ತೋಳು ಹಿಡಿದು ಎಬ್ಬಿಸಿದರು.

"ಹೋದ ವರ್ಷ ನನಗೂ ಸಾಕಾಗಿ ತೆಗೆಸೋಕೆ ಹೋಗಿದ್ದೆ ಕಣಪ್ಪಾ. ಆ ತಾಯೀನೇ ಎದ್ದು ಬಂದು ಕುರ್ಚಿ ಹಿಡ್ಕೊಂಡು ನಿಂತ್ಬಿಟ್ರು. 'ಇರ್ಲಿ ಬಿಡಿ, ಇವತ್ತಲ್ಲ ನಾಳೆ ಬರ್ತಾನೆ' ಅಂದ್ರು."