ಅಕ್ಕನ ಮೂಗು

ಕ್ಯಾನ್ವಾಸಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಸರಿಸಿ ಚಿತ್ರಗಾರ ಅಕ್ಕನನ್ನು ಕೂಗಿದ. ಮುಂದಿನ ಕೋಣೆಯ ಹೊಲಿಗೆ ಅಂಗಡಿಯಿಂದ ಅವಳು ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಳು. ಚಿತ್ರದಲ್ಲಿ ಒಂದು ಮೇಜು, ಅದರ ಮೇಲೊಂದು ಹೂಜಿ, ಪಕ್ಕದಲ್ಲಿ ಎರಡು ಈರುಳ್ಳಿ. ಹೂಜಿ ಹೂಜಿಯ ಹಾಗೇ ಇತ್ತು, ಈರುಳ್ಳಿ ಈರುಳ್ಳಿಯ ಹಾಗೆ. ಈ ಸಲವಾದರೂ ಅಕ್ಕ "ಇದೇನೋ ಇದು?" ಎನ್ನದಿದ್ದರೆ ಸಾಕು ಎಂದು ಅವನು ಅವಳ ಮುಖವನ್ನೇ ನೋಡುತ್ತ ನಿಂತ.

ಇಷ್ಟು ವರ್ಷ ಅವನು ಕ್ಯೂಬಿಸಂ ಹಿಡಿದು ಕೂತವನು. ಯಾವುದೇ ವಸ್ತುವನ್ನು ನಾಲ್ಕೂ ಕಡೆಯಿಂದ ಒಟ್ಟಿಗೇ ನೋಡಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದ. ನಿಜ ಹೇಳಬೇಕೆಂದರೆ, ಹೂಜಿಯ ಬಾಯನ್ನು ದುಂಡಗೆ ಬರೆಯಲು ಮಹಾಶಯನಿಗೆ ಬರುತ್ತಿರಲಿಲ್ಲ. ಬಾರದ್ದನ್ನೆಲ್ಲ ಚೂರುಚೂರು ಮಾಡಿ ಸಿದ್ಧಾಂತ ಎಂದು ಹೆಸರಿಟ್ಟಿದ್ದ. ತಲೆ ನರೆತ ಮೇಲೆ ಅದು ಅವನಿಗೇ ನಾಚಿಕೆಯೆನಿಸಿ, ಹೂಜಿಯ ಮುಂದೆ ಕೂತು ಅ ಆ ಇ ಈಯಿಂದ ಶುರುಮಾಡಿದ್ದ.

ಅಕ್ಕನಿಗೆ ಸಿದ್ಧಾಂತದ ಗೊಡವೆಯಿಲ್ಲ. ಹಿಂದೆಲ್ಲ ಅವಳು "ಇದೇನೋ ಇದು?" ಎಂದಾಗ, ವಿವರಿಸುವ ತಲೆನೋವು ಯಾರಿಗೆ ಬೇಕೆಂದು, "ನೀನೇ ಕಣಕ್ಕ" ಎಂದು ಜಾರಿಕೊಳ್ಳುತ್ತಿದ್ದ. ಅವಳು ಒಂದೊಂದನ್ನೂ ನಂಬಿ ಅಂಗಡಿಯ ಗೋಡೆಗೆ ನೇತುಹಾಕಿದ್ದಳು. ಬಟ್ಟೆ ಹೊಲಿಸಲು ಬಂದವರಿಗೆ, "ನನ್ನ ತಮ್ಮ ಬರೆದಿದ್ದು. ಇದೆಲ್ಲ ನಾನೇ. ಇಲ್ಲಿ ಚೂಪಗಿದೆಯಲ್ಲ, ಅದು ನನ್ನ ಮೂಗು" ಎಂದು ತೋರಿಸುತ್ತಿದ್ದಳು. ಅಸಲಿಗೆ ಅದು ಸೈಕಲ್ಲಿನ ಸೀಟು.

"ಹೂಜಿ" ಎಂದಳು ಅಕ್ಕ.

"ಹೌದಕ್ಕ!" ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

"ಈರುಳ್ಳಿ."

"ಹೌದು, ಹೌದು!"

ಅಕ್ಕ ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಹತ್ತಿರ ಬಂದಳು. ಮೇಜಿನ ಕಾಲು, ಈರುಳ್ಳಿಯ ಸಿಪ್ಪೆ, ಹೂಜಿಯ ನೆರಳು, ಯಾವುದನ್ನೂ ಬಿಡದೆ ಹುಡುಕಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಚೆನ್ನಾಗಿದೆ ಕಣೋ. ಈ ಸಲ ನನ್ನ ಬರೀಲಿಲ್ವಾ?"

ಅವನ ಮುಖ ಸಪ್ಪಗಾಯಿತು. ಗೋಡೆ ತುಂಬ ಇದ್ದ ಚಿತ್ರಗಳಲ್ಲಿ ಒಂದರಲ್ಲೂ ಅವಳಿರಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದ. ಆದರೆ ಪಾಪ, ಅವನು ಇದ್ದದ್ದನ್ನು ಇದ್ದ ಹಾಗೆ ಬರೆಯಲು ಕಲಿತಿದ್ದನೇ ಹೊರತು ಹೇಳಲು ಕಲಿತಿರಲಿಲ್ಲ.

"ಇದ್ದೀಯಲ್ಲಕ್ಕ... ಹೂಜಿ ಹಿಂದೆ ಕೂತಿದ್ದೀಯ. ಅದು ಅಡ್ಡ ಬಂದಿದೆ, ಅಷ್ಟೇ."

ಅಕ್ಕನ ಮುಖ ಅರಳಿತು. ನಿಶ್ಚಿಂತೆಯಿಂದ ತನ್ನ ಮೆಷಿನ್ನಿನ ಕಡೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

"ಹಾಗಾದ್ರೆ ಅದನ್ನ ಒಂಚೂರು ಪಕ್ಕಕ್ಕೆ ಸರಿಸೋ. ಬಂದವರಿಗೆ ಮೂಗಾದ್ರೂ ಕಾಣ್ಲಿ."